ಜೊತೆಗೆ ಬರುವ ಟ್ರೈಪಾಡ್

ನನ್ನ ಹಳೇ ಟ್ರೈಪಾಡ್, ಅಂದರೆ ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡ್, ಕೆಟ್ಟದ್ದೇನೂ ಅಲ್ಲ. ಅಲ್ಯುಮಿನಿಯಂದು. ಕ್ಯಾಮೆರಾ ಕೂರುವ ಮೇಲ್ಭಾಗ, ಅಂದರೆ ಹೆಡ್, ದೊಡ್ಡದು, ಮೂರು ಹಿಡಿಕೆಯದು. ತೂಕ 2.9 ಕೆಜಿ, ಮಡಚಿದರೂ 68 ಸೆಂಟಿಮೀಟರ್ ಉದ್ದ. ನಿಲ್ಲಿಸಿದರೆ ಕಂಬದ ಹಾಗೆ ನಿಲ್ಲುತ್ತಿತ್ತು. ಆದರೆ ಎರಡು ವರ್ಷದಲ್ಲಿ ನಾನು ಅದನ್ನು ಹೊರಗೆ ಒಯ್ದದ್ದು ನಾಲ್ಕೈದು ಸಲ ಮಾತ್ರ.

ನಾನಿರೋದು ಹುಬ್ಬಳ್ಳಿಯಲ್ಲಿ. ಭಾನುವಾರ ಬಂತೆಂದರೆ ಗದಗ, ಹಾವೇರಿ ಕಡೆಯ ಹಳೇ ಗುಡಿಗಳನ್ನು ನೋಡೋಕೆ ಹೋಗ್ತೀನಿ. ಕಾರು ಇಲ್ಲ. ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಗದಗಿಗೆ, ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಕ್ರಾಸಿನಲ್ಲಿ ಇಳಿದು ಎರಡು ಮೂರು ಕಿಲೋಮೀಟರ್ ನಡಿಗೆ. ಬಸ್ಸು ತುಂಬಿದ್ದಾಗ 68 ಸೆಂಟಿಮೀಟರ್ ಉದ್ದದ ಕಬ್ಬಿಣದಂಥ ಸಾಮಾನನ್ನು ಎಲ್ಲಿಡೋದು? ಬ್ಯಾಗಿನೊಳಗೆ ಹೋಗೋದಿಲ್ಲ, ಮೇಲಿನ ರ‍್ಯಾಕಿನಲ್ಲಿ ಇಟ್ಟರೆ ಉರುಳುತ್ತೆ, ಕೈಯಲ್ಲಿ ಹಿಡಿದರೆ ಅದರ ಹಿಡಿಕೆ ಪಕ್ಕದಲ್ಲಿ ನಿಂತವರ ಪಕ್ಕೆಗೆ ತಿವಿಯುತ್ತೆ. ಹೀಗಾಗಿ ಹೊರಡುವಾಗ ಪ್ರತಿ ಸಲ ಅದನ್ನು ನೋಡಿ, ಇವತ್ತು ಬೇಡ ಅಂತ ಬಿಟ್ಟು ಹೋಗ್ತಿದ್ದೆ.

ಹೋದ ವರ್ಷ ರೋಣದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಊರ ಹೊರಗೆ ಒಂದು ಸಣ್ಣ ಗುಡಿ. ಹೊರಗಿನಿಂದ ನೋಡಿದರೆ ಬರೀ ಸುಣ್ಣ ಬಳಿದ ಕಲ್ಲಿನ ಗೋಡೆ. ಒಳಗೆ ಕಾಲಿಟ್ಟರೆ ನವರಂಗದಲ್ಲಿ ನಾಲ್ಕು ಕಂಬ. ಬಳಪದ ಕಲ್ಲಿನವು, ಚರಕಿ ಹಿಡಿದ ಹಾಗೆ ದುಂಡಗೆ, ಉಂಗುರ ಉಂಗುರವಾಗಿ ಕಡೆದವು. ಲಕ್ಕುಂಡಿಯಲ್ಲಿ, ಗದಗಿನ ತ್ರಿಕೂಟೇಶ್ವರದ ಸರಸ್ವತಿ ಗುಡಿಯಲ್ಲಿ ಕಾಣುವಂಥ ಕೆಲಸ, ಆದರೆ ಇಲ್ಲಿ ಅದನ್ನು ನೋಡೋಕೆ ಯಾರೂ ಬರೋದಿಲ್ಲ. ಬಾಗಿಲಿನಿಂದ ಬರುವ ಬೆಳಕು ಒಂದು ಕಂಬದ ಮೇಲೆ ಮಾತ್ರ ಓರೆಯಾಗಿ ಬೀಳ್ತಿತ್ತು. ಉಳಿದದ್ದೆಲ್ಲ ಕತ್ತಲು. ಕೈಯಲ್ಲಿ ಕ್ಯಾಮೆರಾ ಹಿಡಿದು, ಐಎಸ್‌ಒ 6400 ಇಟ್ಟು (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋದರ ಅಳತೆ), ಉಸಿರು ಬಿಗಿಹಿಡಿದು, ಸೆಕೆಂಡಿನ ಹದಿನೈದನೇ ಒಂದು ಭಾಗದ ಶಟರಿನಲ್ಲಿ ಮೂವತ್ತು ಫೋಟೋ ತೆಗೆದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಒಂದೂ ಸರಿಯಿಲ್ಲ. ಕಲ್ಲಿನ ಮೇಲೆಲ್ಲ ಕಾಳು ಕಾಳು, ಉಂಗುರದ ಅಂಚುಗಳೆಲ್ಲ ಕದಡಿಹೋಗಿವೆ. ಟ್ರೈಪಾಡ್ ಇದ್ದಿದ್ದರೆ ಐಎಸ್‌ಒ 100ಕ್ಕೆ ಇಳಿಸಿ, ಎಫ್ 8 ಇಟ್ಟು (ಲೆನ್ಸಿನ ಕಿಂಡಿ ಸಣ್ಣದು ಮಾಡಿ), ಹದಿನೈದು ಇಪ್ಪತ್ತು ಸೆಕೆಂಡ್ ಶಟರ್ ತೆರೆದಿಡಬಹುದಿತ್ತು. ಕಂಬಕ್ಕೇನು, ಎಂಟು ಒಂಬತ್ತು ನೂರು ವರ್ಷದಿಂದ ಅಲ್ಲೇ ನಿಂತಿದೆ, ಇನ್ನೂ ಇಪ್ಪತ್ತು ಸೆಕೆಂಡ್ ಅಲುಗದೆ ನಿಲ್ಲುತ್ತಿತ್ತು. ಅವತ್ತು ರಾತ್ರಿಯೇ ನಿರ್ಧಾರ ಮಾಡಿದೆ. ನನಗೆ ಬೇಕಾದದ್ದು ಅತ್ಯುತ್ತಮ ಟ್ರೈಪಾಡ್ ಅಲ್ಲ, ಬ್ಯಾಗಿನಲ್ಲಿ ಯಾವಾಗಲೂ ಇರುವ ಟ್ರೈಪಾಡ್.

ಹಗುರ ಅಂದ ಕೂಡಲೇ ಎಲ್ಲರೂ ಹೇಳೋದು ಕಾರ್ಬನ್ ಫೈಬರ್, ಅಂದರೆ ಇಂಗಾಲದ ಎಳೆಗಳನ್ನು ರಾಳದಲ್ಲಿ ಕೂಡಿಸಿ ಮಾಡಿದ ವಸ್ತು. ಈ ಮಾತು ಹಳೇದೇ. ಫ್ರಾನ್ಸಿನ ಗಿಟ್ಜೊ ಕಂಪನಿ ಕಾರ್ಬನ್ ಫೈಬರ್ ಕಾಲಿನ ಟ್ರೈಪಾಡ್ ತಂದದ್ದು 1994ರಲ್ಲಿ. ಅದೇ ಕಂಪನಿ 2004ರಲ್ಲಿ ಕಾಲುಗಳನ್ನು ಮೇಲಕ್ಕೆ ತಿರುಗಿಸಿ ಹೆಡ್ಡಿನ ಸುತ್ತ ಮಡಚುವ ಪ್ರಯಾಣದ ಟ್ರೈಪಾಡ್ ಮಾಡಿತು. ಈಗ ಸಿಗುವ ಬಹಳಷ್ಟು ಟ್ರಾವೆಲ್ ಟ್ರೈಪಾಡುಗಳು ಮಡಚಿಕೊಳ್ಳೋದು ಹಾಗೆಯೇ. ಆದರೆ ಕಾರ್ಬನ್ ಅಂದ ಮಾತ್ರಕ್ಕೆ ತೂಕ ಅರ್ಧ ಆಗಿಬಿಡುತ್ತೆ ಅಂತ ನಾನು ನಂಬಿದ್ದೆ, ಅದು ತಪ್ಪು. ಒಂದೇ ಮಾದರಿ ಎರಡೂ ಬಗೆಯಲ್ಲಿ ಬರುತ್ತದಲ್ಲ, ಅವುಗಳ ತೂಕ ಪಕ್ಕಪಕ್ಕ ಇಟ್ಟು ನೋಡಿ. ಪೀಕ್ ಡಿಸೈನ್ ಕಂಪನಿಯ ಟ್ರಾವೆಲ್ ಟ್ರೈಪಾಡ್ ಅಲ್ಯುಮಿನಿಯಂನಲ್ಲಿ ಸುಮಾರು 1.56 ಕೆಜಿ, ಕಾರ್ಬನ್ನಿನಲ್ಲಿ ಸುಮಾರು 1.3 ಕೆಜಿ. ವ್ಯತ್ಯಾಸ ಕಾಲು ಕೆಜಿ, ಅಷ್ಟೇ. 2019ರಲ್ಲಿ ಬಂದಾಗ ಅಮೆರಿಕದಲ್ಲಿ ಒಂದರ ಬೆಲೆ 350 ಡಾಲರ್, ಇನ್ನೊಂದರದ್ದು 600 ಡಾಲರ್. ಕಾಲು ಕೆಜಿಗೆ ಅಷ್ಟು ದುಡ್ಡು ಕೊಡಬೇಕಾ ಅಂತ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ.

ಅದಕ್ಕೆ ಉತ್ತರ ಸಿಕ್ಕಿದ್ದು ಅಂಗಡಿಯಲ್ಲಿ. ಆನ್‌ಲೈನ್‌ನಲ್ಲಿ ಓದಿ ಓದಿ ತಲೆ ಕೆಟ್ಟಿತ್ತು, ಹಾಗಾಗಿ ಕ್ಯಾಮೆರಾ, ಉದ್ದನೆಯ ಜೂಮ್ ಲೆನ್ಸ್ ಎರಡೂ ಹಿಡಿದುಕೊಂಡು ಹುಬ್ಬಳ್ಳಿಯ ಒಂದು ಕ್ಯಾಮೆರಾ ಅಂಗಡಿಗೆ ಹೋದೆ. ಅಂಗಡಿಯವರು ಒಳ್ಳೆಯವರು, ಮೂರು ನಾಲ್ಕು ಟ್ರೈಪಾಡ್ ಬಿಚ್ಚಿ ನೆಲದ ಮೇಲೆ ನಿಲ್ಲಿಸಿ, ಬೇಕಾದಷ್ಟು ಹೊತ್ತು ನೋಡ್ರಿ ಅಂದರು. ನಾನು ಮಾಡಿದ್ದು ಇಷ್ಟು. ಪ್ರತಿಯೊಂದರ ಮೇಲೂ ಕ್ಯಾಮೆರಾ ಕೂಡಿಸಿ, ಲೆನ್ಸನ್ನು ಪೂರ್ತಿ ಜೂಮ್ ಮಾಡಿ, ಎದುರಿನ ಗೋಡೆಯ ಕ್ಯಾಲೆಂಡರಿನ ಅಂಕಿಗೆ ಹಿಡಿದು, ಹಿಂದಿನ ಪರದೆಯಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿದೆ. ಆಮೇಲೆ ಟ್ರೈಪಾಡಿನ ಒಂದು ಕಾಲಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಅಂಕಿ ಅಲುಗಾಡುತ್ತೆ. ಅದು ನಿಲ್ಲೋಕೆ ಎಷ್ಟು ಹೊತ್ತು ಅಂತ ಬಾಯಲ್ಲೇ ಎಣಿಸಿದೆ. ಅಲ್ಯುಮಿನಿಯಂದರಲ್ಲಿ ಒಂದು, ಎರಡು, ಮೂರು ಅನ್ನುವಾಗಲೂ ಸಣ್ಣಗೆ ನಡುಗ್ತಾ ಇತ್ತು. ಅದೇ ಗಾತ್ರದ ಕಾರ್ಬನ್ನಿನದರಲ್ಲಿ ಎರಡು ಅನ್ನೋದರೊಳಗೆ ನಿಂತಿತು. ಲೋಹದ ತಟ್ಟೆಗೆ ತಟ್ಟಿದರೆ ಠಣ್ಣನೆ ಸದ್ದು ಬಹಳ ಹೊತ್ತು ಉಳಿಯುತ್ತೆ, ಕಟ್ಟಿಗೆಯ ಹಲಗೆಗೆ ತಟ್ಟಿದರೆ ಅಲ್ಲೇ ನಿಲ್ಲುತ್ತಲ್ವಾ, ಹಾಗೆ. ಕಾರ್ಬನ್ ಎಳೆಗಳ ನಡುವೆ ಇರುವ ರಾಳ ಆ ನಡುಕವನ್ನು ಹೀರಿಕೊಳ್ಳುತ್ತೆ. ಕಾಲು ಕೆಜಿ ಕಡಿಮೆ ಆಗಿಯೂ ನಡುಕ ಬೇಗ ನಿಲ್ಲುತ್ತೆ ಅನ್ನೋದೇ ನಿಜವಾದ ಲಾಭ. ತೂಕ ಒಂದೇ ಅಲ್ಲ.

ಆದರೆ ಅದೇ ಅಂಗಡಿಯಲ್ಲಿ ಇನ್ನೊಂದು ಪಾಠ ಕಾದಿತ್ತು. ಅಲ್ಲಿದ್ದದ್ದರಲ್ಲಿ ಎಲ್ಲಕ್ಕಿಂತ ಹಗುರವಾದದ್ದೂ ಕಾರ್ಬನ್ನಿನದೇ. ಹೆಡ್ ಸೇರಿ 1.1 ಕೆಜಿ. ಮಡಚಿದರೆ 35 ಸೆಂಟಿಮೀಟರ್, ನೀರಿನ ಬಾಟಲಿಯ ಜಾಗದಲ್ಲಿ ಕೂರುತ್ತೆ. ನೋಡಿದ ಕೂಡಲೇ ಮನಸ್ಸು ಅದರ ಮೇಲೆ ಹೋಯಿತು. ಬಿಚ್ಚಿ ನಿಲ್ಲಿಸಿದೆ. ಐದು ಹಂತದ ಕಾಲು, ಅಂದರೆ ಒಂದರೊಳಗೊಂದು ಸರಿಯುವ ಐದು ಕೊಳವೆ. ಮೇಲಿನ ಕೊಳವೆ 22 ಮಿಲಿಮೀಟರ್, ಎಲ್ಲಕ್ಕೂ ಕೆಳಗಿನದು ನಮ್ಮ ಪೆನ್ಸಿಲ್‌ಗಿಂತ ಸ್ವಲ್ಪ ದಪ್ಪ, 10 ಮಿಲಿಮೀಟರ್. ತಟ್ಟಿದೆ. ಐದು ಎಣಿಸಿದರೂ ಅಂಕಿ ನಿಲ್ಲಲಿಲ್ಲ. ನನ್ನ ಹಳೇ ಅಲ್ಯುಮಿನಿಯಂದು ಇದಕ್ಕಿಂತ ಎಷ್ಟೋ ವಾಸಿ.

ಕಾರಣ ಸುಲಭ. ಕೊಳವೆ ಎಷ್ಟು ಬಿಗಿಯಾಗಿ ನಿಲ್ಲುತ್ತೆ ಅನ್ನೋದರಲ್ಲಿ ಯಾವುದರಿಂದ ಮಾಡಿದ್ದು ಅನ್ನೋದರಷ್ಟೇ ದೊಡ್ಡ ಪಾತ್ರ ಅದರ ದಪ್ಪದ್ದು. ಗೋಡೆ ಅಷ್ಟೇ ಇದ್ದು ಕೊಳವೆಯ ಅಗಲ ಎರಡು ಪಟ್ಟಾದರೆ ಬಗ್ಗದೆ ನಿಲ್ಲುವ ಶಕ್ತಿ ಸುಮಾರು ಎಂಟು ಪಟ್ಟು ಆಗುತ್ತೆ. ಅಂದರೆ ಕೆಳಗಿನ ಕೊಳವೆ ಸಣ್ಣಗಾದಷ್ಟೂ ಬಹಳ ಬೇಗ ಬಲ ಕಳೆದುಕೊಳ್ಳುತ್ತೆ. ಹಂತ ಜಾಸ್ತಿ ಆದಷ್ಟೂ ಮಡಚಿದಾಗ ಗಿಡ್ಡ, ಹೌದು. ಆದರೆ ಪ್ರತಿ ಹಂತದಲ್ಲೂ ಕೊಳವೆ ಮೂರು ಮಿಲಿಮೀಟರ್ ಆಸುಪಾಸು ಸಣ್ಣಗಾಗುತ್ತೆ, ಒಂದೊಂದು ಕೀಲೂ ಅಲುಗುವ ಒಂದೊಂದು ಜಾಗ. ಕಾರ್ಬನ್ ಅಂತ ಬರೆದದ್ದು ನೋಡಿ ಕೊಳ್ಳಬೇಡಿ. ಕಾಲನ್ನು ಪೂರ್ತಿ ಎಳೆದು ಕೆಳಗಿನ ಕೊಳವೆ ಎಷ್ಟು ದಪ್ಪ ಇದೆ ಅಂತ ಮೊದಲು ನೋಡಿ. ಇದೊಂದು ಮಾತು ಹೇಳಬೇಕು ಅಂತಲೇ ಇಷ್ಟೆಲ್ಲ ಬರೆಯೋಕೆ ಕೂತದ್ದು.

ನಾನು ಕೊನೆಗೆ ಕೊಂಡದ್ದು ನಾಲ್ಕು ಹಂತದ್ದು. ಮೇಲೆ 28, ಕೆಳಗೆ 19 ಮಿಲಿಮೀಟರ್. ಕಾಲುಗಳ ತೂಕ 1.2 ಕೆಜಿ, ಬಾಲ್ ಹೆಡ್ (ಗುಂಡಿನ ಮೇಲೆ ಎಲ್ಲ ಕಡೆ ತಿರುಗುವ ಹೆಡ್) 350 ಗ್ರಾಂ, ಎರಡೂ ಸೇರಿ 1.55. ಮಡಚಿದರೆ 46 ಸೆಂಟಿಮೀಟರ್. ಹಳೇದಕ್ಕಿಂತ 1.35 ಕೆಜಿ ಕಡಿಮೆ. ಲೆಕ್ಕ ಹಾಕಿದರೆ ಅದರಲ್ಲಿ ಅರ್ಧಕ್ಕೆ ಹತ್ತಿರ, 650 ಗ್ರಾಂ, ಕಡಿಮೆಯಾದದ್ದು ಹೆಡ್ಡಿನಿಂದ! ಹಳೇ ಮೂರು ಹಿಡಿಕೆಯ ಹೆಡ್ಡೇ ಒಂದು ಕೆಜಿ ಇತ್ತು. ಇದನ್ನು ಮೊದಲೇ ಗಮನಿಸಿದ್ದರೆ ಎರಡು ವರ್ಷ ಸುಮ್ನೆ ಕಳೀತಿರಲಿಲ್ಲ. ನಿಮ್ಮ ಹತ್ತಿರ ಈಗಾಗಲೇ ಅಲ್ಯುಮಿನಿಯಂ ಟ್ರೈಪಾಡ್ ಇದ್ದು, ಹೆಡ್ ಬಿಚ್ಚಿ ತೆಗೆಯುವಂಥದ್ದಾದರೆ, ಮೊದಲು ಹೆಡ್ಡನ್ನು ಮಾತ್ರ ತೂಗಿ ನೋಡಿ.

ಡಬ್ಬಿಯ ಮೇಲೆ 12 ಕೆಜಿ ಹೊರುತ್ತೆ, 15 ಕೆಜಿ ಹೊರುತ್ತೆ ಅಂತ ಬರೆದಿರುತ್ತಾರಲ್ಲ, ಅದನ್ನು ನಾನು ಪೂರ್ತಿ ಬಿಟ್ಟುಬಿಟ್ಟೆ. ಹೇಗೆ ಅಳೀಬೇಕು ಅಂತ ಎಲ್ಲ ಕಂಪನಿಗಳಿಗೂ ಒಂದೇ ನಿಯಮ ಇಲ್ಲ. ಕಾಲು ಮುರಿಯದೆ ಹೊರುವುದು ಬೇರೆ, ಅಲುಗದೆ ಹೊರುವುದು ಬೇರೆ.

ಎತ್ತರದ ವಿಷಯದಲ್ಲಿ ಸ್ವಲ್ಪ ಯೋಚಿಸಬೇಕು. ಜಾಹೀರಾತಿನಲ್ಲಿ ಹೇಳುವ ಎತ್ತರ ನಡುವಿನ ಕಂಬವನ್ನು ಪೂರ್ತಿ ಎತ್ತಿದಾಗಿನದ್ದು. ಆ ಕಂಬ ಎತ್ತಿದರೆ ಮೂರು ಕಾಲಿನ ಟ್ರೈಪಾಡ್ ಒಂದು ಕೋಲಿನ ಮೇಲೆ ನಿಂತ ಹಾಗೆ. ಕಂಬ ಎತ್ತದೆ ನನ್ನದು 128 ಸೆಂಟಿಮೀಟರ್, ಹೆಡ್ ಮತ್ತು ಕ್ಯಾಮೆರಾ ಸೇರಿದರೆ ನನ್ನ ಗದ್ದದ ಹತ್ತಿರ ಬರುತ್ತೆ. ಸ್ವಲ್ಪ ಬಗ್ಗಿ ನೋಡ್ತೀನಿ, ಅದೇನು ಕಷ್ಟ ಅಲ್ಲ. ಗುಡಿಗಳಲ್ಲಿ ನನಗೆ ಎತ್ತರಕ್ಕಿಂತ ತಗ್ಗು ಮುಖ್ಯ. ಕಂಬದ ಬುಡದ ಕೆತ್ತನೆ, ಹೊಸ್ತಿಲು, ಭುವನೇಶ್ವರಿ (ಗುಡಿಯ ಕೆತ್ತಿದ ಚಾವಣಿ) ಇದನ್ನೆಲ್ಲ ನೆಲದಿಂದ ಒಂದು ಗೇಣಿನಲ್ಲಿ ನಿಂತು ತೆಗೀಬೇಕು. ನಡುವಿನ ಕಂಬ ಪೂರ್ತಿ ಬಿಚ್ಚಿ ತೆಗೆಯುವ ಹಾಗಿದ್ದರೆ, ಕಾಲುಗಳು ಅಗಲವಾಗಿ ಹರಡುವ ಹಾಗಿದ್ದರೆ ಅದು ಸಾಧ್ಯ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಬಿಚ್ಚಿಸಿ ನೋಡಿ.

ಕಾಲಿನ ಹಂತಗಳನ್ನು ಬಿಗಿಮಾಡುವ ಲಾಕ್ ಎರಡು ಬಗೆ, ತಿರುಗಿಸುವುದು ಮತ್ತು ಎತ್ತಿ ಒತ್ತುವುದು. ನಾನು ತಿರುಗಿಸುವುದನ್ನು ಆರಿಸಿದೆ. ಬ್ಯಾಗಿನಿಂದ ಎಳೆಯುವಾಗ ಯಾವುದಕ್ಕೂ ಸಿಕ್ಕಿಕೊಳ್ಳೋದಿಲ್ಲ. ಹೆಡ್ಡಿನ ಪ್ಲೇಟ್ (ಕ್ಯಾಮೆರಾದ ಬುಡಕ್ಕೆ ಹಾಕುವ ಪಟ್ಟಿ) ಮಾತ್ರ ಬಹಳ ಕಂಪನಿಗಳು ಬಳಸುವ ಆರ್ಕಾ ಸ್ವಿಸ್ ಬಗೆಯದ್ದೇ ಇರಲಿ, ನಾಳೆ ಹೆಡ್ ಬದಲಾಯಿಸಿದರೂ ಹಳೇ ಪ್ಲೇಟ್ ಬಹುಮಟ್ಟಿಗೆ ಕೂರುತ್ತೆ.

ಕೊಂಡ ಮೇಲೆ ಮೊದಲು ಒಯ್ದದ್ದು ಕಪ್ಪತಗುಡ್ಡಕ್ಕೆ. ಆಷಾಢದ ಗಾಳಿ. ಆ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ಯಾಕೆ ನಿಂತಿವೆ ಅಂತ ಅಲ್ಲಿ ಹೋಗಿ ನಿಂತವರಿಗೆ ಕೇಳಬೇಕಾಗಿಲ್ಲ. ಗಾಳಿಗುಂಡಿ ಬಸವಣ್ಣನ ಗುಡಿಯ ಹತ್ತಿರ ಟ್ರೈಪಾಡ್ ನಿಲ್ಲಿಸಿದೆ. ಹಗುರ ಟ್ರೈಪಾಡಿನ ತೊಂದರೆ ಅಲ್ಲೇ ಗೊತ್ತಾಯಿತು. ನಡುಕ ಬೇಗ ನಿಲ್ಲುತ್ತೆ ನಿಜ, ಆದರೆ ಗಾಳಿ ನಿಲ್ಲಬೇಕಲ್ಲ! ಒಂದು ಸಲ ಜೋರಾಗಿ ಬೀಸಿದಾಗ ಒಂದು ಕಾಲು ನೆಲದಿಂದ ಎದ್ದೇಬಿಟ್ಟಿತು, ಕೈ ಅಡ್ಡ ಇಟ್ಟು ಹಿಡಿದೆ. ನಡುವಿನ ಕಂಬದ ಕೆಳಗೆ ಒಂದು ಕೊಂಡಿ ಇರುತ್ತೆ, ಅದಕ್ಕೆ ಬ್ಯಾಗ್ ನೇತುಹಾಕಿ ಅಂತ ಎಲ್ಲರೂ ಹೇಳುತ್ತಾರೆ. ನೇತುಹಾಕಿದೆ. ಬ್ಯಾಗ್ ಜೋಕಾಲಿಯಂತೆ ಆಡಿ ಕಾಲಿಗೆ ಬಡಿಯತೊಡಗಿತು, ಇನ್ನೂ ಕೆಟ್ಟಿತು. ಆಮೇಲೆ ಬ್ಯಾಗಿನ ಬುಡ ನೆಲಕ್ಕೆ ತಾಗುವ ಹಾಗೆ, ಪಟ್ಟಿ ಬಿಗಿಯಾಗಿ ಇರುವ ಹಾಗೆ ಉದ್ದ ಸರಿಮಾಡಿದೆ. ಆಗ ಸರಿಯಾಯಿತು. ಕಾಲಿನ ಕೆಳಗಿನ ಸಣ್ಣ ಹಂತವನ್ನು ಎಳೆಯದೆ ಮೂರೇ ಹಂತದಲ್ಲಿ ನಿಲ್ಲಿಸಿ, ಒಂದು ಕಾಲನ್ನು ಗಾಳಿ ಹೋಗುವ ದಿಕ್ಕಿಗೆ ಚಾಚಿದೆ. ಶಟರನ್ನು ಬೆರಳಲ್ಲಿ ಒತ್ತದೆ ಎರಡು ಸೆಕೆಂಡಿನ ಟೈಮರ್ ಇಟ್ಟೆ. ಮಳೆಮೋಡದ ಕೆಳಗೆ ಹಸಿರಾಗ್ತಾ ಇದ್ದ ಹೊಲಗಳ ಒಂದು ಫೋಟೋ ಸಿಕ್ಕಿತು, ಈಗ ಮನೆಯ ಪಡಸಾಲೆಯಲ್ಲಿ ಕಟ್ಟು ಹಾಕಿಸಿ ಇಟ್ಟಿದ್ದೇನೆ.

ಇನ್ನೊಂದು ಮಾತು, ಇದು ನೆನಪಿರಲಿ. ಕಾರ್ಬನ್ ಫೈಬರ್ ಕರೆಂಟ್ ಹರಿಸುತ್ತೆ. ಪ್ಲಾಸ್ಟಿಕ್ ತರ ಕಾಣುತ್ತೆ ಅಂತ ಮೋಸಹೋಗಬೇಡಿ. ಗುಡುಗು ಕೇಳಿಸಿದರೆ ಮಡಚಿ ಇಳಿದುಬಿಡಿ.

ರೋಣದ ಕಡೆಯ ಆ ಹಳ್ಳಿಗೆ ಮತ್ತೆ ಹೋದೆ. ಗುಡಿಯ ಮುಂದೆ ಟ್ರೈಪಾಡ್ ಬಿಚ್ಚುತ್ತಿದ್ದ ಹಾಗೆ ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಒಬ್ಬರು ಎದ್ದು ಬಂದರು. ಮುಖದಲ್ಲಿ ಆತಂಕ. “ಏನ್ರೀ, ಸರ್ವೇ ಮಾಡಾಕ ಬಂದೀರೇನು? ರಸ್ತಾ ಅಗಲ ಮಾಡ್ತಾರಂತೇನು?” ಮೂರು ಕಾಲಿನ ಸಾಮಾನು ಅಂದರೆ ಹಳ್ಳಿಯಲ್ಲಿ ಜಮೀನು ಅಳೆಯುವವರದ್ದೇ. ಅವರ ಹೊಲ ರಸ್ತೆಯ ಪಕ್ಕದಲ್ಲೇ ಇದೆ ಅಂತ ಆಮೇಲೆ ತಿಳಿಯಿತು. “ಇಲ್ರೀ ಅಜ್ಜಾರ, ಗುಡಿಯೊಳಗಿನ ಕಂಬದ ಫೋಟೋ ತೆಗ್ಯಾಕ ಬಂದೀನ್ರಿ,” ಅಂದೆ. ಒಳಗೆ ಕರೆದು ಪರದೆಯಲ್ಲಿ ತೋರಿಸಿದೆ. ಹದಿನೈದು ಸೆಕೆಂಡ್ ತೆರೆದಿಟ್ಟ ಶಟರಿನಲ್ಲಿ ಕತ್ತಲಲ್ಲಿದ್ದ ಮೂರೂ ಕಂಬಗಳು ಎದ್ದು ಬಂದಿದ್ದವು. ಅವರು ಬಹಳ ಹೊತ್ತು ನೋಡಿದರು. “ಇಷ್ಟ ವರ್ಷ ದಿನಾ ದೀಪ ಹಚ್ಚಾಕ ಬರ್ತೀನಿ, ಈ ಮೂಲ್ಯಾಗಿನ ಹೂವಿನ ಬಳ್ಳಿ ಕಂಡಿದ್ದಿಲ್ಲ ನೋಡ್ರಿ,” ಅಂದರು. ಈಗ ಯಾವ ಹಳ್ಳಿಗೆ ಹೋದರೂ ಮೊದಲು ಕಟ್ಟೆಯ ಮೇಲಿದ್ದವರನ್ನು ಮಾತಾಡಿಸಿ, ಪೂಜಾರಿಯವರನ್ನು ಕೇಳಿ, ಆಮೇಲೆ ಟ್ರೈಪಾಡ್ ಹೊರಗೆ ತೆಗೀತೀನಿ.

ದೊಡ್ಡ ಸ್ಮಾರಕಗಳ ಮಾತು ಬೇರೆ. ಲಕ್ಕುಂಡಿಯ ಕಾಶಿವಿಶ್ವನಾಥ, ಡಂಬಳದ ನಕ್ಷತ್ರದಾಕಾರದ ದೊಡ್ಡಬಸಪ್ಪ ಗುಡಿ, ಇಂಥವು ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಕೈಯಲ್ಲಿ ಹಿಡಿದು ಫೋಟೋ ತೆಗೆಯಬಹುದು, ಟ್ರೈಪಾಡ್ ನಿಲ್ಲಿಸಬೇಕಾದರೆ ಮುಂಚೆ ಅನುಮತಿ ಪಡೀಬೇಕು. ಹಗುರ ಇದೆ, ಚಿಕ್ಕದಿದೆ ಅಂತ ಹೇಳಿದರೆ ನಡೆಯೋದಿಲ್ಲ. ಕಾವಲಿನವರ ಜೊತೆ ವಾದ ಮಾಡಬೇಡಿ, ಅದು ಅವರ ಕೆಲಸ. ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲಿ ತಾವರೆಯ ಚಾವಣಿ ಇದೆಯಲ್ಲ, ಅದನ್ನು ನಾನು ತೆಗೆದದ್ದು ಟ್ರೈಪಾಡ್ ಇಲ್ಲದೆಯೇ. ಕರವಸ್ತ್ರ ಹಾಸಿ ಕ್ಯಾಮೆರಾವನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಟೈಮರ್ ಒತ್ತಿ ಪಕ್ಕಕ್ಕೆ ಸರಿದೆ. ಕಲ್ಲಿನ ನೆಲಕ್ಕಿಂತ ಗಟ್ಟಿ ಟ್ರೈಪಾಡ್ ಯಾವುದಿದೆ?

ಹಕ್ಕಿಗಳಿಗೆ ಈ ಟ್ರೈಪಾಡ್ ಆಗೋದಿಲ್ಲ, ಇದನ್ನೂ ಹೇಳಿಬಿಡ್ತೀನಿ. ಚಳಿಗಾಲದಲ್ಲಿ ಶಿರಹಟ್ಟಿ ಹತ್ತಿರದ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಗೆಳೆಯರೊಬ್ಬರ 150-600 ಮಿಲಿಮೀಟರಿನ ಉದ್ದನೆಯ ಜೂಮ್ ಲೆನ್ಸ್ ಎರವಲು ತಂದು ಈ ಬಾಲ್ ಹೆಡ್ಡಿನ ಮೇಲೆ ಕೂಡಿಸಿದ್ದೆ. ಸ್ವಲ್ಪ ಸಡಿಲ ಮಾಡಿದರೆ ಲೆನ್ಸಿನ ಮೂತಿ ದೊಪ್ಪನೆ ಕೆಳಗೆ ಬೀಳುತ್ತೆ, ಬಿಗಿ ಮಾಡಿದರೆ ಹಾರುವ ಹಕ್ಕಿಯ ಹಿಂದೆ ತಿರುಗಿಸೋಕೆ ಆಗೋದಿಲ್ಲ. ಅಲ್ಲಿಗೆ ಈಗ ಒಯ್ಯೋದು ನಮ್ಮ ಅವ್ವ ಹೊಲಿದುಕೊಟ್ಟ ಚೀಲ. ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ ಎರಡೂ ಕಡೆ ಹೊಲಿದದ್ದು. ಮನೆಯಿಂದ ಖಾಲಿ ಒಯ್ದು, ಅಲ್ಲಿ ಸಂತೆಯಲ್ಲೋ ಅಂಗಡಿಯಲ್ಲೋ ಎರಡು ಕೆಜಿ ಜೋಳ ಕೊಂಡು ತುಂಬಿ, ಏರಿಯ ಕಲ್ಲಿನ ಮೇಲಿಟ್ಟು ಅದರ ಮೇಲೆ ಲೆನ್ಸ್ ಇಡ್ತೀನಿ. ವಾಪಸ್ ಬಂದ ಮೇಲೆ ಆ ಜೋಳ ರೊಟ್ಟಿಯಾಗುತ್ತೆ.

ನಮ್ಮ ಕಡೆ ಎರೆ ಮಣ್ಣು. ಒಂದು ಮಳೆ ಬಿದ್ದ ಮೇಲೆ ಹೊಲದಲ್ಲಿ ಟ್ರೈಪಾಡ್ ಊರಿದರೆ ಕಾಲಿಗೆ ಅರ್ಧ ಕೆಜಿ ಮಣ್ಣು ಮೆತ್ತಿಕೊಂಡು ಬರುತ್ತೆ, ಕಾರ್ಬನ್ ಉಳಿಸಿದ ತೂಕವೆಲ್ಲ ಅಲ್ಲಿಗೇ ವಾಪಸ್. ಅದನ್ನು ಹಾಗೇ ಒಳಗೆ ತಳ್ಳಬೇಡಿ. ಲಾಕಿನೊಳಗೆ ಮಣ್ಣು ಹೋದರೆ ತಿರುಗಿಸುವಾಗ ಕರಕರ ಅನ್ನುತ್ತೆ, ಕೊಳವೆಯ ಮೇಲೆ ಗೀರು ಬೀಳುತ್ತೆ. ಮಣ್ಣಿನಲ್ಲಿ ಊರುವಾಗ ಕೆಳಗಿನ ಹಂತವನ್ನು ಸ್ವಲ್ಪವಾದರೂ ಹೊರಗೆ ಎಳೆದು ಲಾಕ್ ಮಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ. ಮನೆಗೆ ಬಂದ ಮೇಲೆ ಕಾಲುಗಳನ್ನು ಪೂರ್ತಿ ಬಿಚ್ಚಿ ಬರೀ ನೀರಿನಲ್ಲಿ ತೊಳೆದು, ಒರೆಸಿ, ಒಂದು ರಾತ್ರಿ ಫ್ಯಾನಿನ ಕೆಳಗೆ ಒಣಗಿಸಿ ಜೋಡಿಸ್ತೀನಿ. ಕೊಳವೆಯ ತುದಿಯಲ್ಲಿ ಪ್ಲಾಸ್ಟಿಕ್ಕಿನ ಎರಡು ಸಣ್ಣ ಪಟ್ಟಿ ಇರುತ್ತವೆ, ಬಿಚ್ಚುವಾಗ ಅವು ಹಾರಿ ಬೀಳುತ್ತವೆ, ಹಾಸಿಗೆಯ ಮೇಲೆ ಬಟ್ಟೆ ಹಾಸಿ ಬಿಚ್ಚಿ. ತೊಳೆಯುವಾಗಲೇ ಕೊಳವೆಗಳ ಮೇಲೆ ಬೆರಳಾಡಿಸಿ ನೋಡ್ತೀನಿ. ಅಲ್ಯುಮಿನಿಯಂ ಏಟು ಬಿದ್ದರೆ ತಗ್ಗುತ್ತೆ, ಕಾರ್ಬನ್ ಸೀಳುತ್ತೆ. ಸೀಳು ಮೊದಲು ಕೂದಲೆಳೆಯಷ್ಟು ಸಣ್ಣದಿರುತ್ತೆ. ಬಸ್ಸಿನ ರ‍್ಯಾಕಿನಲ್ಲಿ ಮೇಲೆ ಯಾರಾದರೂ ಕಬ್ಬಿಣದ ಸಾಮಾನು ಇಟ್ಟರೆ ನಾನು ಇಳಿಸಿ ಕಾಲ ಹತ್ತಿರ ಇಟ್ಟುಕೊಳ್ಳೋದು ಅದಕ್ಕೇ.

ನಮ್ಮ ಚಿಕ್ಕಪ್ಪನ ಮಗ ಹಾವೇರಿಯಲ್ಲಿದ್ದಾನೆ, ಅವನಿಗೂ ಈಗ ಫೋಟೋ ಹುಚ್ಚು. “ಅಣ್ಣಾ, ನಾನೂ ನಿಂದರಂಥದ್ದ ತಗೊಳ್ಳಲಾ?” ಅಂತ ಹೋದ ವಾರ ಫೋನ್ ಮಾಡಿದ್ದ. ಅವನು ತಿರುಗೋದು ಬೈಕಿನಲ್ಲಿ, ತೂಕ ಬೈಕ್ ಹೊರುತ್ತೆ. ಕ್ಯಾಮೆರಾ ಸಣ್ಣದು, ಲೆನ್ಸ್ ಒಂದೇ. ಅವನಿಗೆ ನಾಲ್ಕು ಹಂತದ ಒಳ್ಳೆ ಅಲ್ಯುಮಿನಿಯಂ ಕಾಲು ಸಾಕು, ಉಳಿದ ದುಡ್ಡಿನಲ್ಲಿ ಒಂದು ಗಟ್ಟಿ ಬಾಲ್ ಹೆಡ್ ತಗೊ ಅಂದೆ. ಅವನಿಗೆ ಪೂರ್ತಿ ಒಪ್ಪಿಗೆಯಾದ ಹಾಗೆ ಕಾಣಲಿಲ್ಲ. ಬರುವ ಭಾನುವಾರ ಹುಬ್ಬಳ್ಳಿಗೆ ಬರ್ತಾನೆ. ನನ್ನ ಹಳೇದು, ಹೊಸದು ಎರಡನ್ನೂ ಉಣಕಲ್ ಕೆರೆಯ ದಂಡೆಗೆ ಒಯ್ದು ಪಕ್ಕಪಕ್ಕ ನಿಲ್ಲಿಸೋದು, ಅವನ ಕ್ಯಾಮೆರಾ ಕೂಡಿಸಿ ಅವನೇ ತಟ್ಟಿ ಎಣಿಸಲಿ ಅಂತ ಮಾತಾಗಿದೆ.